ಲಂಡನ್ನಿನ ಲೋಲಕ, ಬೀದರಿನ ಬಿಸಿಲು

ಲಂಡನ್ನಿನ ಕಾರ್ಖಾನೆಯಲ್ಲಿ ಸೆಕೆಂಡು ತಪ್ಪದಂತೆ ಹೊಂದಿಸಿದ ಚರ್ಚಿನ ಗೋಪುರದ ಗಡಿಯಾರವನ್ನು ತಂದು ಬೀದರಿನಲ್ಲಿ ನಿಲ್ಲಿಸಿದರೆ ಅದು ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬೀಳುತ್ತದೆ. ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಭೂಮಿಯ ಸೆಳೆತವೇ ಇಲ್ಲಿ ತುಸು ಕಡಿಮೆ. ಲಂಡನ್ 51 ಡಿಗ್ರಿ ಅಕ್ಷಾಂಶ ದಾಟಿ ಸಮುದ್ರಮಟ್ಟಕ್ಕೆ ಹತ್ತಿರವಿರುವ ಊರು. ಬೀದರ್ ಸುಮಾರು 18 ಡಿಗ್ರಿಯಲ್ಲಿ, 650 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸೆಳೆತ ಕಡಿಮೆಯಾದಷ್ಟೂ ಲೋಲಕ ನಿಧಾನವಾಗುತ್ತದೆ. ಸರಿಪಡಿಸಲು ಲೋಲಕವನ್ನು ಸುಮಾರು ಸಾವಿರಕ್ಕೆ ಮೂರರಷ್ಟು ಗಿಡ್ಡ ಮಾಡಬೇಕು. ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಲೋಲಕದ ಉದ್ದ 994 ಮಿಲಿಮೀಟರು, ಅದರಲ್ಲಿ ಮೂರು ಮಿಲಿಮೀಟರು ತಗ್ಗಿಸಿದರೆ ಸಾಕು. ಒಂದೂವರೆ ಸೆಕೆಂಡಿನ ಲೋಲಕವಾದರೆ ಉದ್ದ 2.24 ಮೀಟರು, ತಗ್ಗಿಸಬೇಕಾದದ್ದು ಆರೂವರೆ ಮಿಲಿಮೀಟರು.

ಈ ಲೆಕ್ಕ ಗೊತ್ತಿಲ್ಲದಿದ್ದರೆ ಗಡಿಯಾರ ಹಿಂದೆ ಬೀಳುತ್ತಿದೆ ಎಂದು ಗಾಲಿ ಬಿಚ್ಚುತ್ತಾರೆ, ಯಂತ್ರ ಓಡಿಸುವ ತೂಕ ಹೆಚ್ಚಿಸುತ್ತಾರೆ. ತೂಕ ಹೆಚ್ಚಿಸಿದರೆ ಸಮಯ ಸರಿಹೋಗುವುದಿಲ್ಲ, ಕೀಲು ಸವೆಯುತ್ತದೆ ಅಷ್ಟೆ. ಬೇಕಾದದ್ದು ಲೋಲಕದ ಗುಂಡಿನ ಕೆಳಗಿರುವ ನಟ್ಟಿನ ಸಣ್ಣ ತಿರುವು. ಸೆಕೆಂಡಿನ ಲೋಲಕದಲ್ಲಿ ಗುಂಡು ಒಂದು ಮಿಲಿಮೀಟರು ಮೇಲೇರಿದರೆ ಗಡಿಯಾರ ದಿನಕ್ಕೆ 43 ಸೆಕೆಂಡು ಮುಂದೆ ಓಡುತ್ತದೆ. ಒಂದೂವರೆ ಸೆಕೆಂಡಿನದರಲ್ಲಿ 19 ಸೆಕೆಂಡು. ನಟ್ ತಿರುಗಿಸುವಾಗ ಒಂದು ಕೈಯಲ್ಲಿ ಗುಂಡನ್ನು ಗಟ್ಟಿಯಾಗಿ ಹಿಡಿದಿರಬೇಕು. ಹಿಡಿಯದಿದ್ದರೆ ಗುಂಡೂ ಜೊತೆಗೆ ತಿರುಗಿ, ಮೇಲೆ ಇಡೀ ಲೋಲಕ ತೂಗುಬಿದ್ದಿರುವ ತೆಳುವಾದ ಉಕ್ಕಿನ ಪಟ್ಟಿ ನುಲಿದುಕೊಳ್ಳುತ್ತದೆ. ಆ ಪಟ್ಟಿ ಒಮ್ಮೆ ನುಲಿದರೆ ಲೋಲಕ ತೂಗುವಾಗ ಹೊಯ್ದಾಡುತ್ತದೆ. ಮುರಿದರೆ ಹತ್ತಾರು ಕೆ.ಜಿ. ಗುಂಡು ನೇರ ಕೆಳಗೆ ಬರುತ್ತದೆ. ಅದಕ್ಕೇ ಕೆಲಸ ಶುರುಮಾಡುವ ಮುಂಚೆ ಗುಂಡಿನ ಕೆಳಗೆ ಒಂದು ಮರದ ದಿಮ್ಮಿ ಇಡಬೇಕು.

ಸೆಳೆತದ ಲೆಕ್ಕ ಒಮ್ಮೆ ಮುಗಿದರೆ ಮುಗಿಯಿತು. ಬಿಸಿಲಿನ ಲೆಕ್ಕ ವರ್ಷವರ್ಷವೂ ಬರುತ್ತದೆ. ಕಲಬುರಗಿಯಲ್ಲಿ ಎಪ್ರಿಲ್ ಕಳೆಯುವಷ್ಟರಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಡಿಸೆಂಬರ್ ರಾತ್ರಿ 15ರ ಆಸುಪಾಸಿಗೆ ಇಳಿಯುತ್ತದೆ. ಉಕ್ಕಿನ ಸರಳಿನ ಲೋಲಕ ಒಂದು ಡಿಗ್ರಿ ಬಿಸಿಗೆ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಚಳಿಗಾಲದಲ್ಲಿ ಸರಿಯಾಗಿ ಇಟ್ಟ ಗಡಿಯಾರಕ್ಕೆ ಬೇಸಿಗೆಯ ಸರಾಸರಿ ಹತ್ತು ಡಿಗ್ರಿ ಏರಿದರೆ ದಿನಕ್ಕೆ ಐದು ಸೆಕೆಂಡು, ತಿಂಗಳಿಗೆ ಎರಡೂವರೆ ನಿಮಿಷ. ಒಣಗಿಸಿ ವಾರ್ನಿಶ್ ಹಚ್ಚಿದ ಮರದ ಸರಳಾದರೆ ಬಿಸಿಗೆ ಇದರ ಅರ್ಧದಷ್ಟೂ ಹಿಗ್ಗುವುದಿಲ್ಲ, ಆದರೆ ಮಳೆಗಾಲದ ತೇವಕ್ಕೆ ತುಸು ಹಿಗ್ಗುತ್ತದೆ. ನಿಕಲ್ ಬೆರೆಸಿದ ಇನ್ವಾರ್ ಉಕ್ಕಿಗೆ ಎರಡೂ ತೊಂದರೆಗಳು ಬಹುಪಾಲು ಇಲ್ಲ. ಅದು ಬಂದದ್ದು 1896ರಲ್ಲಿ, ಹಾಗಾಗಿ ಅದಕ್ಕೂ ಹಳೆಯ ಯಂತ್ರಗಳಲ್ಲಿ ಮೂಲದಿಂದ ಇರುವುದು ಸಾಧ್ಯವಿಲ್ಲ.

ಋತು ಬದಲಾದಾಗಲೆಲ್ಲ ನಟ್ಟಿಗೆ ಕೈಹಾಕಬಾರದು. ಲಂಡನ್ನಿನ ಸಂಸತ್ ಭವನದ ಗಡಿಯಾರಕ್ಕೆ ಮಾಡುವ ಉಪಾಯವೇ ಚೆಂದ: ಲೋಲಕದ ಸರಳಿಗೆ ನಡುಮಟ್ಟದಲ್ಲಿ ಸಣ್ಣ ತಟ್ಟೆ, ಅದರ ಮೇಲೆ ನಾಣ್ಯ. ಅಲ್ಲಿ ಹಳೆಯ ಒಂದು ಪೆನ್ನಿ ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುತ್ತದೆ, ತೆಗೆದರೆ ಅಷ್ಟೇ ಹಿಂದೆ. ನಮ್ಮ ಚಿಕ್ಕ ಲೋಲಕಗಳಿಗೆ ಒಂದು ನಾಣ್ಯದ ಪರಿಣಾಮ ಇನ್ನೂ ಹೆಚ್ಚು. ನಾಣ್ಯವೊಂದನ್ನು ಇಟ್ಟು ಒಂದು ವಾರ ನೋಡಿದರೆ ಆ ಗಡಿಯಾರದ ಲೆಕ್ಕ ಸಿಗುತ್ತದೆ. ಮಾರ್ಚಿನಲ್ಲಿ ಸೇರಿಸಿ, ಅಕ್ಟೋಬರಿನಲ್ಲಿ ತೆಗೆಯಿರಿ. ಲೋಲಕ ನಿಲ್ಲಿಸುವ ಗೋಜೇ ಇಲ್ಲ.

ಹಿಂದಿನ ಕಾಲದಲ್ಲಿ ಊರಿನ ಸಮಯವೆಂದರೆ ಸೂರ್ಯನ ಸಮಯ. ಈಗಿನ ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು. ಬೀದರಿನ ಸೂರ್ಯ ಅದಕ್ಕಿಂತ ಸರಾಸರಿ 20 ನಿಮಿಷ ತಡ, ಕಲಬುರಗಿಯ ಸೂರ್ಯ 22 ನಿಮಿಷಕ್ಕೂ ಹೆಚ್ಚು. ಬೀದರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಫೆಬ್ರವರಿಯ ನಡುವೆ 12:34ರ ಸುಮಾರಿಗೆ, ನವೆಂಬರ್ ಮೊದಲಲ್ಲಿ 12:04ರ ಸುಮಾರಿಗೆ. ನೆರಳು ನೋಡಿ ಗೋಪುರದ ಗಡಿಯಾರ ತಪ್ಪಿದೆ ಎನ್ನುವ ಹಿರಿಯರಿಗೆ ಇದೇ ಉತ್ತರ.

ಬೀದರಿನವರಿಗೆ ಗೋಪುರದ ಗಡಿಯಾರ ಎಂದ ಕೂಡಲೇ ಕಣ್ಣಿಗೆ ಬರುವುದು ಚೌಬಾರ. ಊರ ನಡುವೆ 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ, ಒಳಗೆ 80 ಮೆಟ್ಟಿಲು. ಅದನ್ನು ಕಟ್ಟಿದ್ದು ದೂರದ ದಂಡು ಕಾಣಲೆಂದು. ತುದಿಗೆ ಗಡಿಯಾರ ಬಂದದ್ದು ಬಹಳ ಕಾಲದ ಮೇಲೆ. ಚರ್ಚಿನ ಗೋಪುರದ ರಚನೆ ಬೇರೆ. ಅದನ್ನು ಕಟ್ಟುವಾಗಲೇ ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ: ಮೇಲೆ ಗಂಟೆಯ ಕೋಣೆ, ದನಿ ಹೊರಹೋಗಲು ನಾಲ್ಕೂ ಕಡೆ ಓರೆಪಟ್ಟಿಯ ಕಿಟಕಿ, ಅದರ ಕೆಳಗೆ ಯಂತ್ರದ ಕೋಣೆ, ಅಲ್ಲಿಂದ ನೆಲದವರೆಗೆ ತೂಕಗಳು ಇಳಿಯುವ ಕಿಂಡಿ. ಆ ಕಿಂಡಿಯ ತಳಕ್ಕೆ ಶಹಾಬಾದಿ ಪರಸಿ ಹಾಸಿ ಸುಮ್ಮನಾಗಬಾರದು. ಮೇಲೆ ಮರಳು ತುಂಬಿದ ಪೆಟ್ಟಿಗೆ ಇರಲೇಬೇಕು. ತಂತಿಹಗ್ಗ ಹರಿದ ದಿನ ನೂರಿನ್ನೂರು ಕೆ.ಜಿ. ಎರಕದ ಕಬ್ಬಿಣ ಬೀಳುವುದು ಅಲ್ಲೇ. ತಂತಿಹಗ್ಗವನ್ನು ಬರಿಗೈಯಿಂದ ಸವರಿ ನೋಡಬೇಡಿ, ಬಟ್ಟೆ ಹಿಡಿದು ಸವರಿ. ಹರಿದ ಎಳೆ ಬಟ್ಟೆಗೆ ಸಿಕ್ಕುತ್ತದೆ. ಒಂದೇ ಜಾಗದಲ್ಲಿ ಮೂರ್ನಾಲ್ಕು ಎಳೆ ಸಿಕ್ಕರೆ ಹಗ್ಗ ಬದಲಿಸುವ ಹೊತ್ತು ಬಂತು.

ಯಂತ್ರದಲ್ಲಿ ಗಾಲಿಗಳ ಎರಡು ಸಾಲು. ಒಂದು ಸಮಯ ಕಾಯುತ್ತದೆ, ಇನ್ನೊಂದು ಗಂಟೆ ಹೊಡೆಯುತ್ತದೆ. ಕಾಲು ಗಂಟೆಗೊಮ್ಮೆ ರಾಗ ನುಡಿಸುವ ಗಡಿಯಾರಕ್ಕೆ ಮೂರನೆಯ ಸಾಲೂ ಇರುತ್ತದೆ, ಅದಕ್ಕೆ ನಾಲ್ಕು ಗಂಟೆ ಬೇರೆ ಬೇಕು. ಎರಡು ಸಾಲಿಗೂ ತಂತಿಹಗ್ಗ ಸುತ್ತುವ ಬೇರೆ ಬೇರೆ ಡ್ರಮ್ಮು, ಬೇರೆ ಬೇರೆ ತೂಕ. ಹೊಡೆಯುವ ಸಾಲಿನ ತೂಕ ಸಾಮಾನ್ಯವಾಗಿ ದೊಡ್ಡದು, ಏಕೆಂದರೆ ಸುತ್ತಿಗೆ ಎತ್ತುವುದು ಅದೇ: 12 ಗಂಟೆಯಲ್ಲಿ 78 ಪೆಟ್ಟು, ದಿನಕ್ಕೆ 156, ವಾರಕ್ಕೊಮ್ಮೆ ಚಾವಿ ಕೊಡುವ ಗಡಿಯಾರಕ್ಕೆ 1,092. ಪೆಟ್ಟುಗಳ ನಡುವಿನ ಅಂತರ ಸಮವಾಗಿರಲಿ ಎಂದು ಆ ಸಾಲಿನ ಕೊನೆಗೆ ಮೊರದಂಥ ಎರಡು ರೆಕ್ಕೆ ಗಿರ್ರನೆ ತಿರುಗಿ ಗಾಳಿಯನ್ನು ತಡೆಗೆ ಬಳಸುತ್ತವೆ. ಪೆಟ್ಟುಗಳು ದಡದಡ ಬೀಳತೊಡಗಿದರೆ ಮೊದಲು ನೋಡಬೇಕಾದದ್ದು ಈ ರೆಕ್ಕೆಯ ಸ್ಪ್ರಿಂಗು ಸಡಿಲಾಗಿದೆಯೇ ಎಂದು. ಪೆಟ್ಟುಗಳು ಎಳೆದೆಳೆದು ಬಿದ್ದರೆ ಕೀಲಿನ ಎಣ್ಣೆ ಗಟ್ಟಿಯಾಗಿದೆ.

ಎಣ್ಣೆಯ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದ ಗಡಿಯಾರಗಳನ್ನು ಕೆಡಿಸುವುದು ವಯಸ್ಸಲ್ಲ, ಎಣ್ಣೆ. ಕಲಬುರಗಿ ಸೀಮೆಯಲ್ಲಿ ಮನೆಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದ ಬಟ್ಟಲು ತುಂಬ ತಂದು ಗಾಲಿಗಳಿಗೆಲ್ಲ ಸುರಿಯುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆಯಾಗುವ ಜಾತಿಯದು, ಅದಕ್ಕೇ ಬಣ್ಣ ತಯಾರಿಸುವವರು ಅದನ್ನು ಬಳಸುತ್ತಾರೆ. ಕೀಲಿನಲ್ಲಿ ಅದು ಕೆಲವು ತಿಂಗಳಲ್ಲಿ ಅಂಟಾಗಿ, ಆಮೇಲೆ ವಾರ್ನಿಶ್ಶಿನ ಹಾಗೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಒಣಗುವುದಿಲ್ಲ, ಆದರೆ ಚಳಿಗೆ ಹೆಪ್ಪುಗಟ್ಟುತ್ತದೆ. ಲಾರಿಯ ಗ್ರೀಸು ಧೂಳಿಗೆ ಬಲೆ. ಬೇಕಾದದ್ದು ಗಡಿಯಾರಕ್ಕೆಂದೇ ಮಾಡಿದ, ಒಣಗದ ಖನಿಜ ಎಣ್ಣೆ. ಅದೂ ಕೀಲಿಗೆ ಒಂದೊಂದು ಹನಿ, ವರ್ಷಕ್ಕೆ ಎರಡು ಸಲ. ಹಳೆಯದನ್ನು ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ರಂಧ್ರದೊಳಗೆ ಚೂಪು ಮಾಡಿದ ಕಡ್ಡಿ ತಿರುಗಿಸಿ, ಕಡ್ಡಿ ಬಿಳಿಯಾಗಿ ಹೊರಬರುವವರೆಗೂ ಉಜ್ಜಿ, ಆಮೇಲೆ ಹೊಸ ಹನಿ. ಎಣ್ಣೆ ಕೆಳಗೆ ಇಳಿಯುತ್ತಿದ್ದರೆ ಹೆಚ್ಚಾಯಿತು ಎಂದರ್ಥ.

ಗಾಲಿಯ ಹಲ್ಲುಗಳಿಗೆ ಎಣ್ಣೆ ಬೇಡ. ಇದನ್ನು ಒಪ್ಪಿಸುವುದೇ ಕಷ್ಟ. ದೊಡ್ಡ ಗಾಲಿಗಳು ಸಾಮಾನ್ಯವಾಗಿ ಹಿತ್ತಾಳೆ ಇಲ್ಲವೇ ಗನ್‌ಮೆಟಲ್ ಎಂಬ ತಾಮ್ರದ ಬೆರಕೆ ಲೋಹ. ಅವು ತಿರುಗಿಸುವ ಸಣ್ಣ ಗಾಲಿಗಳು ಉಕ್ಕು. ಹಲ್ಲಿಗೆ ಎಣ್ಣೆ ಹಚ್ಚಿದರೆ ಅದಕ್ಕೆ ಧೂಳು ಅಂಟಿ, ಅದರಲ್ಲಿನ ಗಟ್ಟಿ ಕಣಗಳು ಮೆತ್ತನೆಯ ಹಿತ್ತಾಳೆಯೊಳಗೆ ಹೂತುಕೊಳ್ಳುತ್ತವೆ. ಆಮೇಲೆ ಆ ಹಿತ್ತಾಳೆಯೇ ಅರದಂತಾಗಿ ಉಕ್ಕನ್ನು ತಿನ್ನುತ್ತದೆ. ಬಿಚ್ಚಿ ನೋಡಿದವರಿಗೆ ಅಚ್ಚರಿಯಾಗುವುದು ಇದೇ: ಮೆತ್ತನೆಯ ಲೋಹ ನೆಟ್ಟಗಿದೆ, ಗಟ್ಟಿ ಲೋಹ ಸವೆದಿದೆ. ಬೇಸಿಗೆಯಲ್ಲಿ ಎರೆಹೊಲಗಳ ಮೇಲಿಂದ ಬರುವ ಗಾಳಿ, ವಾಡಿ-ಸೇಡಂ ಕಡೆಯ ಸುಣ್ಣಕಲ್ಲು, ಸಿಮೆಂಟಿನ ಧೂಳು, ಇಷ್ಟಿರುವ ಸೀಮೆಯಲ್ಲಿ ಯಂತ್ರಕ್ಕೆ ಗಾಜಿನ ಬಾಗಿಲಿನ ಮರದ ಪೆಟ್ಟಿಗೆ ಮಾಡಿಸುವುದು ಎಲ್ಲ ರಿಪೇರಿಗಿಂತ ಅಗ್ಗ.

ಹಳೆಯ ಯಂತ್ರಗಳಲ್ಲಿ ಎಷ್ಟು ಪೆಟ್ಟು ಎಂದು ತೀರ್ಮಾನಿಸುವುದು ಅಂಚಿನಲ್ಲಿ ಕಚ್ಚು ಕಡಿದ ಒಂದು ತಟ್ಟೆ. ಕಚ್ಚುಗಳ ನಡುವಿನ ದೂರ ಒಂದು, ಎರಡು, ಮೂರು ಎಂದು ಹೆಚ್ಚುತ್ತ ಹೋಗುತ್ತದೆ; ಸನ್ನೆಯ ತುದಿ ಕಚ್ಚಿಗೆ ಬಿದ್ದಾಗ ಹೊಡೆತ ನಿಲ್ಲುತ್ತದೆ. ಈ ತಟ್ಟೆಗೆ ಮುಳ್ಳು ಎಲ್ಲಿದೆ ಎಂಬುದರ ಪರಿವೆ ಇಲ್ಲ. ಹಿಂದೆ ನಾಲ್ಕು ಹೊಡೆದಿದ್ದರೆ ಮುಂದೆ ಐದು, ಅಷ್ಟೇ ಅದರ ಜ್ಞಾನ. ಹೊಡೆಯುವ ಸಾಲಿನ ತೂಕ ಮುಗಿದು, ಸಮಯದ ಸಾಲು ಓಡುತ್ತಲೇ ಇದ್ದರೆ, ಚಾವಿ ಕೊಟ್ಟ ಮೇಲೆ ಮುಳ್ಳು ಒಂಬತ್ತಿರುವಾಗ ಗಂಟೆ ಐದು ಹೊಡೆಯುತ್ತದೆ. ಆಗ ಮುಳ್ಳು ತಿರುಗಿಸಬಾರದು. ಹೊಡೆತ ಬಿಡಿಸುವ ಸನ್ನೆಯನ್ನು ಬೆರಳಿನಿಂದ ಎತ್ತಿ ಬಿಡಿ, ಆರು ಹೊಡೆಯುತ್ತದೆ. ನಿಂತ ಮೇಲೆ ಮತ್ತೆ ಎತ್ತಿ, ಏಳು. ಮುಳ್ಳಿಗೆ ಸರಿಹೋಗುವವರೆಗೂ ಹೀಗೆ. ಊರವರು ಕೆಳಗಿನಿಂದ “ಏನ್ರೀ, ಒಂದ ಸಮ ಗಂಟಿ ಬಡ್ಯಾಕತ್ತೀರಲ್ಲ?” ಎಂದು ಕೇಳುತ್ತಾರೆ, ಕೇಳಲಿ. ಕತ್ತಲಾದ ಮೇಲೆ ಮಾತ್ರ ಈ ಕೆಲಸ ಬೇಡ; ಹೊತ್ತಲ್ಲದ ಹೊತ್ತಿನ ಗಂಟೆ ಕೇಳಿ ಯಾರೋ ತೀರಿಕೊಂಡರೆಂದು ಜನ ಚರ್ಚಿಗೆ ಓಡಿ ಬರುತ್ತಾರೆ.

ಮುಳ್ಳು ಮುಂದಿಡಬೇಕಾದರೆ ಯಂತ್ರದ ಮೇಲಿರುವ ಸಣ್ಣ ಡಯಲಿನ ಬಳಿಯ ತಿರುಪು ಸಡಿಲಿಸಿ, ಪ್ರತಿ ಗಂಟೆಗೂ ನಿಂತು, ಹೊಡೆತ ಪೂರ್ತಿ ಮುಗಿಯಲು ಬಿಟ್ಟು ಮುಂದೆ ಸಾಗಿ. ಹಿಂದಿಡಬೇಕಾದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸಲೇಬೇಡಿ. ಲೋಲಕ ನಿಲ್ಲಿಸಿ ಅಷ್ಟು ಹೊತ್ತು ಕಾಯಿರಿ. ಗಂಟೆ ಹೊಡೆಯಲು ಹತ್ತು ನಿಮಿಷವಿರುವಾಗ ಹೊಡೆಯುವ ಸಾಲಿಗೆ ಚಾವಿ ಕೊಡಬೇಡಿ. ಚಾವಿ ಕೊಡುವ ಹಿಡಿ ಡ್ರಮ್ಮಿಗೆ ಸಿಕ್ಕಿರುವಾಗಲೇ ಸಾಲು ಬಿಟ್ಟುಕೊಂಡರೆ ಆ ಹಿಡಿ ತಿರುಗಿ ಮೊಣಕೈ ಮುರಿಯುವಷ್ಟು ಬಲದಿಂದ ಹೊಡೆಯುತ್ತದೆ.

ಯಂತ್ರದಿಂದ ನಾಲ್ಕು ಡಯಲಿಗೂ ಸರಳು ಹೋಗುತ್ತದೆ. ನಾಲ್ಕರಲ್ಲಿ ಒಂದೇ ಡಯಲು ತಪ್ಪು ತೋರಿಸಿದರೆ ಯಂತ್ರವನ್ನು ಮುಟ್ಟಬೇಡಿ, ಆ ಸರಳಿನ ಜೋಡಣೆ ಜಾರಿದೆ. ನಾಲ್ಕೂ ಒಟ್ಟಿಗೆ ನಿಂತರೆ ಮೊದಲು ಹೊರಗೆ ನೋಡಿ. ಪಾರಿವಾಳ ಮುಳ್ಳಿನ ಮೇಲೆ ಕೂರುತ್ತದೆ, ಡಯಲಿನ ಹಿಂದೆ ಕಡ್ಡಿ ತಂದು ಗೂಡು ಕಟ್ಟುತ್ತದೆ. ಅದರ ಹಿಕ್ಕೆ ಲೋಹ ತಿನ್ನುತ್ತದೆ, ಒಣಗಿದ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು. ಗುಡಿಸುವ ಮುಂಚೆ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಿಟಕಿಗೆ ಜಾಲರಿ ಹಾಕಿಸಿದರೆ ಈ ಸಮಸ್ಯೆ ಮುಗಿಯಿತು. ಹೆಜ್ಜೇನಿನದು ಮುಗಿಯುವ ಮಾತಲ್ಲ. ಎತ್ತರದ ಕಟ್ಟಡದ ಚಾಚಿನಡಿ ಹೆಜ್ಜೇನು ಕಟ್ಟುವುದು ನಮ್ಮ ಕಡೆ ಮಾಮೂಲು. ಗೂಡಿರುವಾಗ ಗಂಟೆಯ ಕೋಣೆಗೆ ಹತ್ತಬೇಡಿ, ಹೊಗೆ ಹಾಕಬೇಡಿ, ಗಂಟೆ ಬಾರಿಸುವುದನ್ನೂ ನಿಲ್ಲಿಸಿ. ಬಲ್ಲವರನ್ನು ಕರೆಸಿ ರಾತ್ರಿ ಹೊತ್ತು ತೆಗೆಸಿ, ಇಲ್ಲವೇ ಅವು ತಾವಾಗಿ ವಲಸೆ ಹೋಗುವವರೆಗೆ ಕಾಯಿರಿ.

ಇನ್ನು ಗಂಟೆ. ಒಳ್ಳೆಯ ಗಂಟೆಯ ಕಂಚಿನಲ್ಲಿ ನೂರಕ್ಕೆ 77ರಿಂದ 80 ಪಾಲು ತಾಮ್ರ, ಉಳಿದದ್ದು ತವರ. ಎರಡೂ ಮೆತ್ತನೆಯ ಲೋಹ. ಆದರೆ ಈ ಪ್ರಮಾಣದಲ್ಲಿ ಕೂಡಿದಾಗ ಗಟ್ಟಿಯಾಗಿ, ನಾದ ಹಿಡಿದು, ಪೆಡಸಾಗುತ್ತದೆ. ಲೋಹ ಬೆರೆಸುವ ವಿದ್ಯೆ ಬೀದರಿಗೆ ಹೊಸದಲ್ಲ. ಬಿದ್ರಿ ಕೆಲಸದವರು ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ, ಅವರಿಗೆ ಬೇಕಾದದ್ದು ಕೋಟೆಯ ಮಣ್ಣಿಗೆ ಕಪ್ಪಾಗುವ, ಬೆಳ್ಳಿ ಎಳೆಯನ್ನು ಹಿಡಿದುಕೊಳ್ಳುವ ಲೋಹ. ಬಿದ್ರಿ ಹೂಜಿಯನ್ನು ತಟ್ಟಿದರೆ ದನಿ ಅಲ್ಲೇ ಸಾಯುತ್ತದೆ. ಗಂಟೆಯವರಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಹಿಂದೂಸ್ತಾನಿ ಕಿವಿಯಿರುವವರು ಗಂಟೆಯ ಬಳಿ ಕಣ್ಣುಮುಚ್ಚಿ ನಿಂತರೆ ಒಂದೇ ಪೆಟ್ಟಿನೊಳಗೆ ಐದು ಸ್ವರ ಬಿಡಿಸಬಲ್ಲರು: ಮಂದ್ರ ಸಾ, ಮಧ್ಯ ಸಾ, ಕೋಮಲ ಗಾಂಧಾರ, ಪಂಚಮ, ತಾರ ಸಾ. ಗಂಟೆಯ ದನಿಯಲ್ಲಿ ಒಂದು ಬಗೆಯ ಕರುಣರಸ ಇರುವುದು ಆ ಕೋಮಲ ಗಾಂಧಾರದಿಂದ. ಇವು ಐದೂ ಕೂಡಿಬರುವುದು ಗಂಟೆಯ ಗೋಡೆಯ ದಪ್ಪ ಎಲ್ಲೆಲ್ಲಿ ಎಷ್ಟೆಷ್ಟು ಎಂಬುದರ ಮೇಲೆ. ತುಟಿಯ ಹತ್ತಿರದ ಅತಿ ದಪ್ಪದ ಜಾಗ ವ್ಯಾಸದ ಸುಮಾರು ಹದಿಮೂರನೇ ಒಂದು ಪಾಲು. ಗಂಟೆಯೊಳಗೆ ತೂಗುವ ನಾಲಗೆ ಬಡಿಯಬೇಕಾದದ್ದು ಅಲ್ಲೇ. ಎರಡು ಅಡಿ ವ್ಯಾಸದ ಕಂಚಿನ ಗಂಟೆ ಸುಮಾರು 150 ಕೆ.ಜಿ. ತೂಗುತ್ತದೆ. ಅದೇ ಆಕಾರದಲ್ಲಿ ವ್ಯಾಸ ಇಮ್ಮಡಿಯಾದರೆ ದನಿ ಒಂದು ಸಪ್ತಕ ಕೆಳಗಿಳಿಯುತ್ತದೆ, ತೂಕ ಎಂಟು ಪಟ್ಟಾಗುತ್ತದೆ.

ಎಲ್ಲ ಹಳೆಯ ಗಂಟೆಯೂ ಕಂಚಲ್ಲ. ಬೀದರ್, ಕಲಬುರಗಿ, ಯಾದಗಿರಿಯ ಮೆಥೋಡಿಸ್ಟ್ ಚರ್ಚುಗಳ ಬೇರು ಅಮೆರಿಕದ ಮಿಷನ್ನಿನಲ್ಲಿದೆ, ಅಮೆರಿಕದಲ್ಲಿ ಆ ಕಾಲಕ್ಕೆ ಉಕ್ಕಿನ ಎರಕದ ಗಂಟೆಗಳೂ ಧಾರಾಳವಾಗಿ ಮಾರಾಟವಾಗುತ್ತಿದ್ದವು. ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ತುಕ್ಕು ಕೆರೆದು ಬಣ್ಣ ಬಳಿಯಲೇಬೇಕು. ಅಂಟದಿದ್ದರೆ ಕಂಚು, ಬಣ್ಣ ಬೇಡ, ಹುಣಸೆಹಣ್ಣು ಹಚ್ಚಿ ತಿಕ್ಕುವುದೂ ಬೇಡ. ಆ ಹಸಿರು ಪೊರೆ ಅದರ ಚರ್ಮ, ಕಾಪಾಡುತ್ತದೆ.

ಗಂಟೆ ಬಿರುಕು ಬಿಡುವುದಕ್ಕೆ ಮೂರು ದಾರಿಗಳಿವೆ, ಮೂರೂ ತಪ್ಪಿಸಬಹುದಾದವು. ಮೊದಲನೆಯದು ಗಂಟೆ ತೂಗುವ ಬದಲು ಹಗ್ಗವನ್ನು ನಾಲಗೆಗೇ ಕಟ್ಟಿ ಎಳೆಯುವುದು. ಗಂಟೆ ತೂಗಿದಾಗ ನಾಲಗೆ ಬಡಿದು ಕೂಡಲೇ ಹಿಂದೆ ಸರಿಯುತ್ತದೆ. ಹಗ್ಗದಿಂದ ಎಳೆದಾಗ ಅದು ಗಂಟೆಗೆ ಒತ್ತಿಕೊಂಡೇ ನಿಲ್ಲುತ್ತದೆ, ಕಂಪಿಸುತ್ತಿರುವ ಪೆಡಸು ಲೋಹಕ್ಕೆ ಅದು ತಾಳಲಾರದ ಪೆಟ್ಟು. ಶ್ರಮ ಕಡಿಮೆ ಎಂದು ಮಾಡಿದ ಈ ಕಟ್ಟು ಎಷ್ಟೋ ಗಂಟೆಗಳನ್ನು ಒಡೆದಿದೆ. ಎರಡನೆಯದು ಭಾರಿ ಸುತ್ತಿಗೆ. ಲಂಡನ್ನಿನ 13.7 ಟನ್ ದೊಡ್ಡ ಗಂಟೆ 1859ರ ಜುಲೈಯಲ್ಲಿ ಹೊಡೆಯಲು ಶುರುಮಾಡಿ ಸೆಪ್ಟೆಂಬರಿನಲ್ಲಿ ಬಿರುಕು ಬಿಟ್ಟಿತು. ಆಮೇಲೆ ಸುತ್ತಿಗೆ ಹಗುರ ಮಾಡಿ, ಹೊಸ ಜಾಗದಲ್ಲಿ ಪೆಟ್ಟು ಬೀಳುವಂತೆ ಗಂಟೆಯನ್ನು ತುಸು ತಿರುಗಿಸಿದರು. ಅದೇ ಬಿರುಕಿನೊಂದಿಗೆ ಇಂದಿಗೂ ಹೊಡೆಯುತ್ತಿದೆ. ಮೂರನೆಯದು ಕಣ್ಣಿಗೆ ಕಾಣದ್ದು. ಹಳೆಯ ಗಂಟೆಗಳಲ್ಲಿ ನಾಲಗೆ ತೂಗುಹಾಕುವ ಕಬ್ಬಿಣದ ಕೊಂಡಿಯನ್ನು ಎರಕ ಹೊಯ್ಯುವಾಗಲೇ ನೆತ್ತಿಯಲ್ಲಿ ಕೂರಿಸಿರುತ್ತಾರೆ. ಮಳೆನೀರು ಇಳಿದು ಆ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ನೆತ್ತಿಯನ್ನು ಒಳಗಿನಿಂದ ಸೀಳುತ್ತದೆ. ಮಳೆಗಾಲಕ್ಕೆ ಮುಂಚೆ ನೆತ್ತಿಯ ಮೇಲೆ ನೀರು ನಿಲ್ಲದಂತೆ ಮಾಡುವುದು ಅದಕ್ಕೇ.

ಬಿರುಕಿನ ಅನುಮಾನ ಬಂದರೆ ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಬಾರಿಸುವುದನ್ನು ಅಂದೇ ನಿಲ್ಲಿಸಿ. ವೆಲ್ಡಿಂಗ್ ಅಂಗಡಿಗೆ ಮಾತ್ರ ಕಳಿಸಬೇಡಿ. ಕಂಚಿನ ಗಂಟೆಯನ್ನು ಪೂರ್ತಿಯಾಗಿ ನೂರಾರು ಡಿಗ್ರಿಗೆ ಕಾಯಿಸಿ, ಬೆಸೆದು, ನಿಧಾನವಾಗಿ ಆರಿಸಬೇಕು. ಒಂದೇ ಜಾಗಕ್ಕೆ ಬೆಂಕಿ ಹಿಡಿದರೆ ಬಿರುಕು ಮುಂದಕ್ಕೆ ಓಡುತ್ತದೆ.

ಗಡಿಯಾರದ ಸುತ್ತಿಗೆ ಸುಮ್ಮನಿರುವಾಗ ಗಂಟೆಯಿಂದ ಮೂರರಿಂದ ಐದು ಮಿಲಿಮೀಟರು ದೂರವಿರಬೇಕು. ತಾಗಿಕೊಂಡಿದ್ದರೆ ಪೆಟ್ಟು ಬಿದ್ದ ಮೇಲೆ ಝರ್ರೆನ್ನುತ್ತದೆ. ಬಹಳ ದೂರವಿದ್ದರೆ ದನಿ ಸೋಲುತ್ತದೆ. ಈ ದೂರ ಕಾಯುವ ಸ್ಪ್ರಿಂಗು ಅಥವಾ ರಬ್ಬರನ್ನು ಬೇಸಿಗೆ ಕಳೆದ ಮೇಲೆ ನೋಡಿ, ಬಿಸಿಲಿಗೆ ರಬ್ಬರು ಗಡುಸಾಗಿರುತ್ತದೆ. ಸಾಗವಾನಿ ಚೌಕಟ್ಟಿದ್ದರೆ ಅದೇ ಹೊತ್ತಿಗೆ ಬೋಲ್ಟುಗಳಿಗೆ ಪಾನಾ ಹಿಡಿದು ನೋಡಿ. ಒಣಗಿದ ಮರ ಕುಗ್ಗಿ ಬೋಲ್ಟು ಸಡಿಲಾಗಿರುತ್ತದೆ. ಹಾಗೆಂದು ಜೀವ ಹೋಗುವಷ್ಟು ಬಿಗಿಯಬೇಡಿ, ಮಳೆಗೆ ಮರ ಮತ್ತೆ ಹಿಗ್ಗುತ್ತದೆ. ಹಗ್ಗವೂ ಹಾಗೆಯೇ. ಪುಂಡಿನಾರು, ಹತ್ತಿಯ ಹಗ್ಗಗಳು ತೇವಕ್ಕೆ ಗಿಡ್ಡವಾಗುತ್ತವೆ. ಜೂನಿನಲ್ಲಿ ಅರ್ಧ ಗೇಣು ಬಿಟ್ಟುಕೊಡಬೇಕಾಗುತ್ತದೆ.

ಒಂದೇ ಗಂಟೆಯನ್ನು ಆರಾಧನೆಗೆ ತೂಗುವುದೂ, ಗಡಿಯಾರ ಹೊಡೆಯುವುದೂ ಇದ್ದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಭಾನುವಾರ ಬೆಳಿಗ್ಗೆ. ತೂಗುತ್ತಿರುವ ಗಂಟೆಗೆ ಸುತ್ತಿಗೆ ಅಡ್ಡ ಬಂದರೆ ಸುತ್ತಿಗೆಯ ಕಾಂಡ ಮುರಿಯುತ್ತದೆ, ಇಲ್ಲವೇ ಗಂಟೆಯ ತುಟಿ ಚಕ್ಕೆ ಏಳುತ್ತದೆ. ಅದಕ್ಕಾಗಿ ಸುತ್ತಿಗೆಯನ್ನು ಹಿಂದಕ್ಕೆ ಎಳೆದು ಕಟ್ಟುವ ಸನ್ನೆಯೊಂದು ಹಗ್ಗದ ಕೋಣೆಯಲ್ಲೇ ಇರುತ್ತದೆ. ಆ ಸನ್ನೆಗೆ ಕೆಂಪು ಬಣ್ಣ ಬಳಿಯಿರಿ, ಗಂಟೆಯ ಹಗ್ಗವನ್ನು ಅದರ ಹಿಂದೆಯೇ ಸಿಕ್ಕಿಸಿ. ಆಗ ಸನ್ನೆ ಎಳೆಯದೆ ಹಗ್ಗ ಕೈಗೆ ಸಿಗುವುದಿಲ್ಲ.

ಕರೆಂಟಿನ ಬಗ್ಗೆ ನಮ್ಮ ಅಭಿಪ್ರಾಯ ಖಚಿತ. ಚಾವಿ ಕೊಡಲು ಮೋಟಾರು ಹಾಕಿಸಿ, ತಪ್ಪೇನಿಲ್ಲ, ನೂರಾರು ಕೆ.ಜಿ. ತೂಕವನ್ನು ವಾರವಾರವೂ ಏರಿಸುವುದು ವಯಸ್ಸಾದವರ ಕೆಲಸವಲ್ಲ. ಹಳೆಯ ಯಂತ್ರ ಕಿತ್ತು ಮೋಟಾರಿನ ಗಡಿಯಾರ ಕೂರಿಸುವುದು ಬೇಡ, ಗಂಟೆಯಿರುವ ಗೋಪುರಕ್ಕೆ ಧ್ವನಿವರ್ಧಕದಲ್ಲಿ ಗಂಟೆಯ ಸದ್ದು ಹಾಕುವುದಂತೂ ಬೇಡವೇ ಬೇಡ. ಕರೆಂಟಿನ ಕಂಪನಕ್ಕೇ ಕಟ್ಟಿಕೊಂಡು ಓಡುವ ಮೋಟಾರು ಕರೆಂಟು ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ಬಂದಾಗ ತಾನಾಗಿ ಸರಿಹೋಗುವುದಿಲ್ಲ. ತೂಕದ ಗಡಿಯಾರಕ್ಕೆ ಕರೆಂಟು ಹೋದದ್ದು ತಿಳಿಯುವುದೇ ಇಲ್ಲ. ಮೋಟಾರು ಹಾಕಿಸುವಾಗ ಎರಡು ವಿಷಯ ಬರೆಸಿಕೊಳ್ಳಿ: ತೂಕ ಮೇಲೆ ಮುಟ್ಟಿದಾಗ ಕಡಿತಗೊಳಿಸುವ ಸ್ವಿಚ್ಚು ಒಂದಲ್ಲ, ಎರಡಿರಬೇಕು, ಹಳೆಯ ಚೌಕಟ್ಟಿಗೆ ಹೊಸ ರಂಧ್ರ ಕೊರೆಯಬಾರದು. ಕೈಯಿಂದ ಚಾವಿ ಕೊಡುವ ಹಿಡಿಯನ್ನು ಗುಜರಿಗೆ ಹಾಕದೆ ಅದೇ ಕೋಣೆಯ ಗೋಡೆಗೆ ತೂಗುಹಾಕಿ. ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ಕರೆಂಟು ಬಾರದಿದ್ದರೆ ಅದು ಬೇಕಾಗುತ್ತದೆ.